ಇಲ್ಲದ ಮೂರನೇ ಮಹಡಿ

ಬರೆದ ಕಾಗದವನ್ನು ನಾನು ನಂಬುವುದಿಲ್ಲ. ಇದು ನಮ್ಮ ಮನೆತನದ ಗುಣ. ನಮ್ಮ ತಾತ ಯಾರೋ ಪ್ಯಾಂಟು ಹಾಕಿಕೊಂಡವನು ಮುಂದಿಟ್ಟ ಕಾಗದಕ್ಕೆ ಕೇಳದೆ ಹೆಬ್ಬೆಟ್ಟು ಒತ್ತಿದ. ಮಾರನೆಯ ವರ್ಷ ನಮ್ಮ ರಾಗಿ ಹೊಲದ ಮೇಲೆ ಬೇರೆಯವರ ಬಡಾವಣೆ ಎದ್ದಿತು. ಅಂದಿನಿಂದ ನಮ್ಮ ಮನೆಗೆ ಮದುವೆಯ ಕರೆಯೋಲೆ ಬಂದರೂ ಮೊದಲು ಹಿಂದೆ ತಿರುಗಿಸಿ ನೋಡುತ್ತೇವೆ. ಬಿಳೇಕಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿನ ಶಾಲೆಯಲ್ಲಿ ನಾನು ಓದಿದ್ದು ಏಳನೇ ಕ್ಲಾಸು. ಆಮೇಲೆ ಓದಿದ್ದೆಲ್ಲ ಪಹಣಿ, ಖಾತೆ, ಕ್ರಯಪತ್ರ. ಯಾರು ಬರೆದಿದ್ದಾರೆ, ಯಾರ ಮೇಲೆ ಬರೆದಿದ್ದಾರೆ, ಚೆಕ್ಕುಬಂದಿ ಏನು, ಇಷ್ಟು ನೋಡಿದರೆ ಮುಗಿಯಿತು. ನಾಲ್ಕು ದಿಕ್ಕಿಗೆ ಯಾರ ಆಸ್ತಿ ಇದೆ ಎಂದು ಹೇಳದ ಬರಹ ನನ್ನ ಪ್ರಕಾರ ಬರಹವೇ ಅಲ್ಲ.

ಇಷ್ಟು ಎಚ್ಚರದ ಮನುಷ್ಯ ತತ್ತ್ವಶಾಸ್ತ್ರದ ಕೈಗೆ ಸಿಕ್ಕಿದ್ದು ಹೇಗೆಂದು ಜನ ಕೇಳುತ್ತಾರೆ. ಎಚ್ಚರದಿಂದಲೇ ಸಿಕ್ಕಿದೆ.

ನಮ್ಮ ಮನೆಗೆ ಪ್ಲಾನಿನಲ್ಲಿ ಮಂಜೂರಾಗಿರುವುದು ನೆಲಮಹಡಿ ಮತ್ತು ಅದರ ಮೇಲೆ ಎರಡು. ಮೂರನೆಯದನ್ನು ನಾನು ಕಟ್ಟಿಸಲಿಲ್ಲ. ಅದು ತಾನಾಗಿ ಬೆಳೆಯಿತು. ಮೊದಲು ಬಟ್ಟೆ ಒಣಹಾಕಲು ನೆರಳಿರಲೆಂದು ನಾಲ್ಕು ಶೀಟು ಹೊದಿಸಿದೆ. ಶೀಟಿಗೆ ಗಾಳಿ ಹೊಡೆಯುತ್ತದೆಂದು ಗೋಡೆ ಎಬ್ಬಿಸಿದೆ. ಗೋಡೆ ಇದ್ದ ಮೇಲೆ ಬಾಗಿಲಿರಬೇಕು. ಬಾಗಿಲಿದ್ದ ಮೇಲೆ ಒಳಗೆ ಯಾರಾದರೂ ಇರಬೇಕು, ಇಲ್ಲದಿದ್ದರೆ ಕಳ್ಳರು ಸೇರಿಕೊಳ್ಳುತ್ತಾರೆ. ಹಾಗೆ ಬಂದವನು ಸಂಗಮೇಶ. ಬಾಗಲಕೋಟೆ ಕಡೆಯವನು, ಬಿಟಿಎಂ ಲೇಔಟಿನ ಯಾವುದೋ ಆಫೀಸಿನಲ್ಲಿ ಕೆಲಸ. ಕುಡಿಯುವುದಿಲ್ಲ, ಸೇದುವುದಿಲ್ಲ, ಜೋರಾಗಿ ಹಾಡು ಹಾಕುವುದಿಲ್ಲ. ನನಗೆ ಮೊದಲ ದಿನದಿಂದಲೇ ಅನುಮಾನ.

ಒಂದು ಶನಿವಾರ ಬೆಳಿಗ್ಗೆ ಟ್ಯಾಂಕು ತುಂಬಿತೇ ಎಂದು ನೋಡಲು ಮೇಲೆ ಹೋದೆ. ಸಂಗಮೇಶ ಕಂಕುಳಲ್ಲಿ ನೋಟ್‌ಬುಕ್ಕು ಸಿಕ್ಕಿಸಿಕೊಂಡು, ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತಿದ್ದ.

"ಏನಪ್ಪಾ ಅದು?"

"ಏನಿಲ್ರೀ ಕಾಕಾ. ಗ್ವಾಡಿ ನೋಡಾಕತ್ತಿದ್ದೆ."

"ಗೋಡೆಗೇನು ಬಂದಿದೆ ರೋಗ?"

"ಹಂಗಲ್ರೀ. ಗ್ವಾಡಿ ಅಂದ್ರ ಮನಿ ಅಲ್ಲ. ಬಾಗಲಾನೂ ಮನಿ ಅಲ್ಲ. ಹಂಗಾದ್ರ ಮನಿ ಅನ್ನೂದು ಎಲ್ಲೈತಿ ಅಂತ ಹುಡುಕಾಕತ್ತೀನ್ರೀ."

"ನೀನು ನಿಂತಿರೋದು ಎಲ್ಲಿ ಮತ್ತೆ?"

"ಅದನ್ನ ಬರಿಯಾಕತ್ತೀನ್ರೀ," ಎಂದ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿದ ವಾಸನೆ ಬಂದು, ನೋಟ್‌ಬುಕ್ಕನ್ನು ಅಲ್ಲೇ ಗೋಡೆಯಂಚಿಗಿಟ್ಟು ಓಡಿದ.

ಬೇರೆಯವರ ನೋಟ್‌ಬುಕ್ಕು ಓದುವ ಚಾಳಿ ನನಗಿಲ್ಲ. ಆದರೆ ಅದು ತೆರೆದಿತ್ತು, ಅದರೊಳಗೆ ನನ್ನ ಮನೆಯಿತ್ತು. ನೋಡದೆ ಬಿಡಲು ನಾನೇನು ನಮ್ಮ ತಾತನೇ? ಓದಿದೆ.

"ಮೂರನೇ ಮಹಡಿ. ಕಣ್ಣಿಗೆ ಕಾಣುತ್ತದೆ. ಕಂಡ ಮಾತ್ರಕ್ಕೆ ಇದೆ ಎನ್ನಬಹುದೇ? ಗೋಡೆ ಬೇರೆ, ಶೀಟು ಬೇರೆ, ಬಾಗಿಲು ಬೇರೆ. ಒಂದೊಂದಾಗಿ ತೆಗೆಯುತ್ತಾ ಹೋದರೆ ಕೊನೆಗೆ ಉಳಿಯುವುದೇನು? ಭಾನುವಾರ ಎಲ್ಲರ ಮುಂದೆ ಹೇಳಬೇಕು. ಶಿವರಾಮ್ ಸರ್ ಅಭಿಪ್ರಾಯ ಕೇಳಬೇಕು."

ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಇನ್ನೊಂದು ಸಲ ಓದಿದೆ. ನಮ್ಮ ವಾರ್ಡ್ ಕಚೇರಿಯ ಇಂಜಿನಿಯರ್ ಹೆಸರು ಶಿವರಾಮ್. ಮಂಜೂರಿಲ್ಲದ ಮಹಡಿಗಳ ಪಟ್ಟಿ ಮಾಡುವುದೇ ಅವನ ಕೆಲಸ. ಆ ಹೆಸರು ನಮ್ಮ ರಸ್ತೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು.

ಕೆಳಗಿಳಿದು ಹೆಂಡತಿ ಸೊಣ್ಣಮ್ಮನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಆ ಹುಡುಗ ಒಂದು ಇರುವೆ ತುಳಿಯಲ್ಲ ಕಣ್ರೀ."

"ಇರುವೆಗೆ ಮೂರನೇ ಮಹಡಿ ಇದ್ಯೇನೇ?" ಎಂದು ರೇಗಿ, ನನ್ನ ಬಾಮೈದ ಬೈರಣ್ಣನಿಗೆ ಫೋನು ಮಾಡಿದೆ.

ಬೈರಣ್ಣ ತಲಘಟ್ಟಪುರದಲ್ಲಿ ಸೈಟು ಕೊಡಿಸುವವನು. ಬಿಳಿ ಷರಟು, ಜೇಬಿನಲ್ಲಿ ಮೂರು ಪೆನ್ನು. ಯಾವ ಕಚೇರಿಯಲ್ಲಿ ಯಾವ ಕಿಟಕಿ ಎಷ್ಟು ಗಂಟೆಗೆ ತೆರೆಯುತ್ತದೆಂದು ಕಣ್ಣುಮುಚ್ಚಿ ಹೇಳುತ್ತಾನೆ. ಒಂದು ಗಂಟೆಯೊಳಗೆ ಬಂದ. ಸಂಗಮೇಶನನ್ನು ನಯವಾಗಿ ಕೇಳಿ, ಅವನು ಭಾನುವಾರಕ್ಕೆ ಓದಿಕೊಳ್ಳುತ್ತಿದ್ದ ಇಪ್ಪತ್ತು ಹಾಳೆಯ ಜೆರಾಕ್ಸನ್ನು ಇಳಿಸಿಕೊಂಡು ಬಂದ. ಆ ಪ್ರಾಣಿ ಸಂತೋಷದಿಂದ ಕೊಟ್ಟಿತಂತೆ. ಅದೂ ಅನುಮಾನಕ್ಕೆ ಜಾಗವೇ.

ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಇಬ್ಬರೂ ಕೂತೆವು. ಕನ್ನಡದ ಅಕ್ಷರಗಳೇ. ಒಂದು ವಾಕ್ಯ ಒಂದು ಪುಟದಲ್ಲಿ ಹುಟ್ಟಿ ಮುಂದಿನ ಪುಟದಲ್ಲಿ ಸಾಯುತ್ತಿತ್ತು. ಬೈರಣ್ಣ ಕೆಂಪು ಪೆನ್ನು ತೆಗೆದ.

"ಭಾವ, ದಿನಾಂಕ ಇಲ್ಲ. ಸರ್ವೆ ನಂಬರ್ ಇಲ್ಲ."

"ಸಾಕ್ಷಿ?"

"ಸಾಕ್ಷಿ ಇದೆ. ಎಲ್ಲ ಪುಟದಲ್ಲೂ ಸಾಕ್ಷಿ, ಸಾಕ್ಷಿ ಅಂತ ಬರೆದವ್ರೆ. ಒಬ್ಬನ ಹೆಸರೂ ಇಲ್ಲ, ಸಹೀನೂ ಇಲ್ಲ. ಸುಮ್ಮನೆ ನೋಡ್ತಾ ಇರ್ತಾನಂತೆ, ಏನೂ ಮಾಡಲ್ವಂತೆ."

"ಅಂಥ ಸಾಕ್ಷಿ ಕೋರ್ಟಲ್ಲಿ ನಿಲ್ಲಲ್ಲ," ಎಂದು ನಾನು ಸಮಾಧಾನ ಪಟ್ಟುಕೊಳ್ಳುವಷ್ಟರಲ್ಲಿ ಅವನು ಹಾಳೆಯನ್ನು ಕಣ್ಣ ಹತ್ತಿರ ಹಿಡಿದ.

"ಇಲ್ನೋಡಿ. 'ಪೂರ್ವಪಕ್ಷದವನು ಹೀಗೆ ಆಕ್ಷೇಪಿಸುತ್ತಾನೆ.' ನಿಮ್ಮ ಮನೆಗೆ ಪೂರ್ವಕ್ಕೆ ಯಾರಿದ್ದಾರೆ?"

"ಭೀಮಪ್ಪ!"

"ಅವನೂ ಸೇರ್ಕೊಂಡವ್ನೆ ಭಾವ."

ಎದುರು ಮನೆಯ ಭೀಮಪ್ಪ ನನ್ನ ಜೊತೆ ಒಂದೇ ಬೆಂಚಿನ ಮೇಲೆ ಕೂತು ಓದಿದವನು. ಅವನ ಮನೆಗೆ ನಾಲ್ಕು ಮಹಡಿ. ನಾಲ್ಕು ಮಹಡಿಯವನು ಮೂರು ಮಹಡಿಯವನ ಮೇಲೆ ಆಕ್ಷೇಪಿಸುತ್ತಾನೆಂದರೆ ಕಾಲ ಕೆಟ್ಟಿತೆಂದೇ ಅರ್ಥ. ಕಿಟಕಿಯಿಂದ ನೋಡಿದೆ. ಭೀಮಪ್ಪ ತನ್ನ ಗೇಟಿಗೆ ಎಣ್ಣೆ ಬಿಡುತ್ತಾ ನನ್ನ ಕಡೆ ನೋಡಿ ನಕ್ಕ. ನಾನು ಪರದೆ ಎಳೆದೆ.

ಭಾನುವಾರ ಬೆಳಿಗ್ಗೆ ಸಂಗಮೇಶ ಬಸ್ಸು ಹತ್ತಿದ. ನಾವು ಬೈರಣ್ಣನ ಸ್ಕೂಟರಿನಲ್ಲಿ ಬಸ್ಸಿನ ಹಿಂದೆಯೇ ಹೋದೆವು. ಅವನು ಇಳಿದದ್ದು ಯಡಿಯೂರಿನಲ್ಲಿ. ಕೆರೆಯ ಹಿಂದಿನ ರಸ್ತೆಯಲ್ಲಿ ಒಂದು ಹಳೆಯ ಮನೆ, ಕಾರು ನಿಲ್ಲಿಸುವ ಜಾಗದಲ್ಲಿ ಜಮಖಾನ ಹಾಸಿತ್ತು. ಹತ್ತು ಹನ್ನೆರಡು ಜನ ಕೂತಿದ್ದರು. ನಡುವೆ ಕುರ್ಚಿಯ ಮೇಲೆ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪಾಠ ಹೇಳಿ ನಿವೃತ್ತರಾದ ಕಮಲಾದೇವಿ ಮೇಡಂ. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಗಂಟಲು. ಮುಂದಿನ ಸಾಲಿನಲ್ಲೇ ವಾರ್ಡ್ ಕಚೇರಿಯ ಶಿವರಾಮ್, ಕೈಯಲ್ಲಿ ಪೆನ್ನು!

ಬೈರಣ್ಣ ನನ್ನ ತೊಡೆ ಚಿವುಟಿದ. ನಾವು ಹಿಂದಿನ ಸಾಲಿನಲ್ಲಿ ಕೂತೆವು. ನಮ್ಮನ್ನು ಕಂಡು ಸಂಗಮೇಶನ ಮುಖ ಅರಳಿತು. ಪಾಪ ಮಾಡಿದವನ ಮುಖ ಹಾಗೆ ಅರಳುವುದಿಲ್ಲ. ಇವನು ಎಷ್ಟು ಪಳಗಿದವನೆಂದು ಆಗ ಗೊತ್ತಾಯಿತು.

"ಯಾರು, ಹೊಸಬರಾ?" ಎಂದರು ಮೇಡಂ. "ಮೊದಲು ಏನಾದ್ರೂ ಓದಿದ್ದೀರಾ?"

ಓದಿಲ್ಲವೆಂದರೆ ಎಬ್ಬಿಸಿ ಕಳಿಸುತ್ತಾರೆಂದು ಹೆದರಿ, "ಎಲ್ಲ ಓದಿದ್ದೀನಿ ಮೇಡಂ. ಮೂಲದಿಂದಲೂ ಓದಿದ್ದೀನಿ," ಎಂದುಬಿಟ್ಟೆ. ನನ್ನ ಮನಸ್ಸಿನಲ್ಲಿದ್ದದ್ದು ಆಸ್ತಿಯ ಮೂಲಪತ್ರ.

"ಕೇಳಿದ್ರಾ?" ಮೇಡಂ ಉಳಿದವರ ಮೇಲೆ ಹರಿಹಾಯ್ದರು. "ಇವರು ಮೂಲಾನೇ ಓದ್ಕೊಂಡು ಬಂದಿದ್ದಾರೆ. ನೀವು ನಾನು ಕೊಟ್ಟ ಜೆರಾಕ್ಸ್ ಬಿಚ್ಚಿ ನೋಡಲ್ಲ. ಸಂಗಮೇಶ, ಇರೋ ಮನೇನ ವಿಚಾರ ಮಾಡ್ಕೊಂಡು ಬನ್ನಿ ಅಂದಿದ್ದೆನಲ್ಲ, ಎಲ್ಲಿಗೆ ಬಂತು?"

"ಮೂರನೇ ಮಹಡಿತನಾ ಬಂದೈತ್ರೀ ಮೇಡಂ."

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದೆ. "ಮೂರನೇ ಮಹಡಿ ಇಲ್ಲ!"

ಜಮಖಾನದ ಮೇಲಿದ್ದ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಶಿವರಾಮನ ತಲೆಯೂ ತಿರುಗಿತು.

"ಇಲ್ಲ ಅಂದ್ರೆ?" ಎಂದರು ಮೇಡಂ.

"ಇಲ್ಲ ಅಂದ್ರೆ ಇಲ್ಲ. ಇದೆ ಅಂತ ಯಾರೂ ಸಾಬೀತು ಮಾಡಕ್ಕಾಗಲ್ಲ."

"ಆದ್ರೆ ಕಣ್ಣಿಗೆ ಕಾಣುತ್ತಲ್ಲ?"

"ಕಂಡ್ರೆ ಅದು ನೋಡೋರ ತಪ್ಪು!"

ಮೇಡಂ ಕನ್ನಡಕ ತೆಗೆದರು. "ನೋಡೋರ ತಪ್ಪು," ಎಂದು ನಿಧಾನವಾಗಿ ಹೇಳಿ, "ಬರ್ಕೊಳ್ಳಿ, ಬರ್ಕೊಳ್ಳಿ," ಎಂದು ಉಳಿದವರಿಗೆ ಸನ್ನೆ ಮಾಡಿದರು. ಹನ್ನೆರಡು ಪೆನ್ನುಗಳು ನನ್ನ ಮೇಲೆ ಬರೆಯತೊಡಗಿದವು.

ಸಂಗಮೇಶ ಮೆಲ್ಲಗೆ ಕೇಳಿದ. "ಕಾಕಾ, ನಾ ಅಲ್ಲೇ ಇರ್ತೀನಲ್ರೀ?"

"ನೀನೂ ಇಲ್ಲ."

"ಮತ್ತ ದಿನಾ ಮೆಟ್ಲಾ ಹತ್ತಿ ಹೋಗಾವ ಯಾರ್ರೀ?"

"ಯಾವ ಮೆಟ್ಟಿಲು?"

ಹಿಂದೆ ಕೂತಿದ್ದ ಹೆಂಗಸೊಬ್ಬರು "ಅಬ್ಬಬ್ಬಾ" ಎಂದರು. ಮೇಡಂ ಕುರ್ಚಿಯ ತುದಿಗೆ ಬಂದಿದ್ದರು. "ಸರಿ. ಮಹಡಿ ಇಲ್ಲ, ಇರೋನೂ ಇಲ್ಲ. ಹಾಗಾದ್ರೆ ಇದನ್ನ ಹೇಳ್ತಿರೋ ನೀವು?"

ಶಿವರಾಮನ ಪೆನ್ನು ನನ್ನ ಹೆಸರಿಗಾಗಿ ಕಾಯುತ್ತಿರುವಂತೆ ಕಂಡಿತು. "ನಾನೂ ಇಲ್ಲ," ಎಂದೆ. "ನಾನು ಇವತ್ತು ಇಲ್ಲಿಗೆ ಬಂದೇ ಇಲ್ಲ."

"ನಾನೂ ಬಂದಿಲ್ಲ," ಎಂದು ಬೈರಣ್ಣ ಕೂತಲ್ಲಿಂದಲೇ ಸೇರಿಸಿದ.

ಚಪ್ಪಾಳೆ ಬಿತ್ತು. ಮೇಡಂ ಕಣ್ಣೊರೆಸಿಕೊಂಡರು. "ಆರು ತಿಂಗಳಿಂದ ಇದನ್ನೇ ಬಡ್ಕೋತಾ ಇದ್ದೀನಿ. ಒಬ್ಬರಾದ್ರೂ ಇಷ್ಟು ಖಡಾಖಂಡಿತವಾಗಿ ಹೇಳಿದ್ರಾ? ನೋಡಿ ಇವರನ್ನ, ಒಂದು ಚೂರಾದ್ರೂ ಅಂಜಿಕೆ ಇದ್ಯಾ?" ನಾನು ಕಣ್ಣಲ್ಲೇ ನನ್ನ ಚಪ್ಪಲಿ ಹುಡುಕುತ್ತಿದ್ದುದು ಅವರಿಗೆ ಕಾಣಲಿಲ್ಲ.

ಪಾಠ ಮುಗಿದ ಮೇಲೆ ಶಿವರಾಮ್ ನೇರವಾಗಿ ನನ್ನ ಬಳಿಗೇ ಬಂದು ಕೈಮುಗಿದ. ಸಣಕಲು ಮನುಷ್ಯ. "ಸಾರ್, ನಾನು ವಾರ್ಡ್ ಆಫೀಸಲ್ಲಿರೋನು. ಬೆಳಗಾದ್ರೆ ಇದೆ, ಇಲ್ಲ ಅಂತ ಬರೆಯೋದೇ ಕೆಲಸ. ನಿಮ್ಮ ಮಾತು ಎದೆಗೆ ನಾಟಿತು. ಮನೆ ಎಲ್ಲಿ ಹೇಳಿ, ಒಂದ್ಸಲ ಬಂದು ಕೂತು ಮಾತಾಡ್ತೀನಿ."

"ಮನೆ ಇಲ್ಲ," ಎಂದೆ.

"ಆಹಾ!" ಎಂದ.

ಆ 'ಆಹಾ' ನನ್ನ ತಲೆಯಲ್ಲಿ ಮನೆಯವರೆಗೂ ಗುಂಯ್‌ಗುಟ್ಟಿತು. ಸಂಗಮೇಶನನ್ನು ಕರೆದು, "ನಾಳೆಯಿಂದ ಯಾರಾದ್ರೂ ಬಂದು ಕೇಳಿದ್ರೆ ನೀನು ಇಲ್ಲಿಲ್ಲ ಅನ್ನಬೇಕು, ತಿಳೀತಾ?" ಎಂದು ಗದರಿದೆ. ಅವನು ನಾಚಿಕೊಂಡ. "ನಾ ಇನ್ನಾ ಅಲ್ಲೀತನಾ ಮುಟ್ಟಿಲ್ರೀ ಕಾಕಾ. ನಿಮ್ಮಂಗ ಆಗಾಕ ಟೈಮ್ ಬೇಕ್ರೀ."

ಬೈರಣ್ಣ ಮಾತ್ರ ಶಾಂತವಾಗಿದ್ದ. "ಭಾವ, ಇಂಥ ಕೇಸಲ್ಲಿ ಮೊದಲು ಕಾಗದ ಕೊಟ್ಟೋನು ಗೆಲ್ತಾನೆ. ಅವರು ದೂರು ಕೊಡೋಕೆ ಮುಂಚೆ ನಾವೇ ಒಂದು ಅರ್ಜಿ ಬಿಸಾಕಿ, ಸ್ವೀಕೃತಿ ಮೊಹರು ಒತ್ತಿಸ್ಕೊಂಡ್ಬಿಡೋಣ." ಮೂರು ಪೆನ್ನಿನಲ್ಲಿ ನೀಲಿಯದನ್ನು ಆರಿಸಿ ಬರೆದ.

"ಮಾನ್ಯರೇ, ಮೇಲ್ಕಂಡ ವಿಳಾಸದ ನನ್ನ ಮನೆಗೆ ಮೂರನೇ ಮಹಡಿ ಇರುವುದಿಲ್ಲ. ಸದರಿ ಇಲ್ಲದ ಮಹಡಿಯಲ್ಲಿ ಸಂಗಮೇಶ ಎಂಬುವರು ಬಾಡಿಗೆಗೆ ಇರುವುದಿಲ್ಲ. ಸದರಿ ಮಹಡಿಯ ಗೋಡೆ, ಬಾಗಿಲು ಹಾಗೂ ಶೀಟುಗಳ ಬಗ್ಗೆ ಯಾರಾದರೂ ದೂರಿದಲ್ಲಿ, ನನ್ನನ್ನು ವಿಚಾರಿಸದೆ ಕ್ರಮ ಕೈಗೊಳ್ಳಬಾರದಾಗಿ ಕೋರುತ್ತೇನೆ."

ಎರಡು ಸಲ ಓದಿಸಿ ಕೇಳಿದೆ. ಎಲ್ಲೂ ಸಂದು ಇರಲಿಲ್ಲ. ಸಹಿ ಹಾಕಿದೆ.

ಸೋಮವಾರ ವಾರ್ಡ್ ಕಚೇರಿಯ ಕಿಟಕಿಯಲ್ಲಿ ಶ್ರೀದೇವಿ ಎಂಬ ಗುಮಾಸ್ತೆ ಕೂತಿದ್ದಳು. ಅರ್ಜಿ ಓದಿದಳು. ನಮ್ಮ ಮುಖ ನೋಡಿದಳು. ಮತ್ತೆ ಓದಿದಳು.

"ಇಲ್ಲದೆ ಇರೋದಕ್ಕೆ ಅರ್ಜಿ ಯಾಕೆ ಸಾರ್?"

"ಇಲ್ಲ ಅನ್ನೋದು ರೆಕಾರ್ಡಲ್ಲಿ ಇರ್ಲಿ ಮೇಡಂ," ಎಂದ ಬೈರಣ್ಣ.

"ನಮ್ಮನೇಲಿ ಈಜುಕೊಳ ಇಲ್ಲ. ನಾನು ಯಾರಿಗೂ ಬರ್ಕೊಟ್ಟಿಲ್ಲಪ್ಪ."

ನನಗೆ ಪಿತ್ತ ನೆತ್ತಿಗೇರಿತು. "ಏನಮ್ಮಾ, ಮೊಹರು ಒತ್ತೋಕೆ ಕೂತಿದ್ದೀಯೋ, ವಾದ ಮಾಡೋಕೋ?"

ಮೇಜು ಅಲುಗುವಂತೆ ಅವಳು ಮೊಹರು ಒತ್ತಿದಳು. "ತಗೊಳ್ಳಿ. ಏಳು ದಿನದೊಳಗೆ ಸ್ಥಳ ಪರಿಶೀಲನೆಗೆ ಬರ್ತಾರೆ."

"ಯಾವ ಸ್ಥಳ?"

"ಇಲ್ಲದೆ ಇರೋ ಸ್ಥಳ," ಎಂದು ಕಿಟಕಿ ಮುಚ್ಚಿದಳು.

ಸುದ್ದಿ ನಮಗಿಂತ ಮುಂಚೆ ರಸ್ತೆ ತಲುಪಿತ್ತು. ಮಂಗಳವಾರ ನಮ್ಮ ರಸ್ತೆಯ ಯಾವ ಮೇಲಿನ ಮಹಡಿಯಲ್ಲೂ ಒಂದು ಟವಲು ಒಣಗಲಿಲ್ಲ. ಗಿಡದ ಕುಂಡಗಳು ಮಾಯವಾದವು. ಭೀಮಪ್ಪ ತನ್ನ ನಾಲ್ಕನೇ ಮಹಡಿಯ ಕಿಟಕಿಗಳಿಗೆ ಹಳೆಯ ಬ್ಯಾನರು ಕಟ್ಟಿಸಿ, ನಮ್ಮ ಗೇಟಿಗೆ ಬಂದು ನಿಂತ.

"ಲೋ ಕೆಂಪರಾಜು, ನಿಂಗೇನು ಗ್ರಹಚಾರ ವಕ್ಕರಿಸಿತ್ತೋ? ಮಲಗಿರೋ ಇಂಜಿನಿಯರ್‌ನ ಅರ್ಜಿ ಬರೆದು ಎಬ್ಬಿಸ್ತಾರೇನೋ?"

"ಪೂರ್ವಪಕ್ಷದವನು ನೀನೇ ಅಲ್ವೇನೋ?"

"ಯಾವ ಪಕ್ಷಾನೋ? ನಾನು ಯಾವ ಪಕ್ಷಕ್ಕೂ ಸೇರಿಲ್ಲ!" ಎಂದು ಅವನು ಆಣೆ ಇಟ್ಟ.

ಅದೇ ದಿನ ಸಂಗಮೇಶನ ತಾಯಿ ಲಕ್ಕವ್ವ ಊರಿಂದ ಬಂದಿಳಿದಳು, ಜೋಳದ ಹಿಟ್ಟಿನ ಚೀಲದ ಸಮೇತ. ನಾನು ಬೇಡವೆನ್ನುವಷ್ಟರಲ್ಲಿ ಸೊಣ್ಣಮ್ಮನೇ ಚೀಲವನ್ನು ಮೇಲೆ ಹೊತ್ತು ಮುಟ್ಟಿಸಿದ್ದಳು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಶಿವರಾಮ್ ಕಡತ ಹಿಡಿದು ಬಂದ. ನನ್ನನ್ನು ಕಂಡು ಅವನ ಕೈಯಿಂದ ಕಡತವೇ ಜಾರಿತು.

"ಅಯ್ಯೋ, ನೀವಾ ಸಾರ್! ಕೆಂಪರಾಜು ಅಂದ್ರೆ ಯಾರೋ ಅಂದ್ಕೊಂಡಿದ್ದೆ."

"ಗೊತ್ತಿಲ್ಲದೋನ ಥರ ಆಡ್ಬೇಡಿ. ದೂರು ಕೊಟ್ಟೋನು ಯಾರು? ಸಂಗಮೇಶನೋ, ಭೀಮಪ್ಪನೋ?"

"ಯಾರೂ ಕೊಟ್ಟಿಲ್ಲ ಸಾರ್. ಈ ರಸ್ತೆಯಿಂದ ಇಲ್ಲಿವರೆಗೆ ಬಂದಿರೋ ಒಂದೇ ಒಂದು ಅರ್ಜಿ ನಿಮ್ಮದು."

ನಾನು, ಬೆಳಿಗ್ಗೆಯೇ ಬಂದು ಕೂತಿದ್ದ ಬೈರಣ್ಣನ ಕಡೆ ತಿರುಗಿದೆ. ಅವನು ಫೋನಿನಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ನೋಡುತ್ತಿದ್ದ. ಫೋನು ತಲೆಕೆಳಗಾಗಿತ್ತು.

"ಭಾನುವಾರ ಯಾರು ಏನಂದ್ರೂ ಅದು ಪಾಠ ಸಾರ್. ಅಲ್ಲಿಗೇ ಬಿಟ್ಬಿಡ್ತಿದ್ದೆ," ಎಂದ ಶಿವರಾಮ್ ನಿಜವಾದ ಸಂಕಟದಿಂದ. "ಇದಕ್ಕೆ ನಂಬರ್ ಬಿದ್ದಿದೆ. ನಂಬರ್ ಬಿದ್ಮೇಲೆ ಇದೆ ಅಂತಲೋ ಇಲ್ಲ ಅಂತಲೋ ಬರೀಲೇಬೇಕು."

ಮೇಲಿನಿಂದ ತಪ್ ತಪ್ ಎಂದು ರೊಟ್ಟಿ ಬಡಿಯುವ ಸದ್ದು ಬಂತು.

"ಅದೇನು ಸಾರ್ ಶಬ್ದ?"

"ಎಲ್ಲಿ ಶಬ್ದ?" ಎಂದೆ. ಆದರೆ ಅವನು ಆಗಲೇ ಮೆಟ್ಟಿಲು ಹತ್ತುತ್ತಿದ್ದ.

ಮೂರನೇ ಮಹಡಿಯ ಬಾಗಿಲಲ್ಲಿ ಲಕ್ಕವ್ವ ಎದುರಾದಳು. "ಬರ್ರೀ ಯಪ್ಪಾ, ಹೊರಗ ಯಾಕ ನಿಂತ್ರಿ? ಕುಂದರ್ರಿ. ಬಿಸಿ ರೊಟ್ಟಿ ಅದಾವು, ಎಣ್ಣಿಗಾಯಿ ಐತಿ." ಶಿವರಾಮ್ ಬೇಡವೆಂದ. ಆ ಕಡೆಯವರ ಮುಂದೆ ಬೇಡವೆನ್ನುವುದು ಯಾವ ಸರ್ಕಾರಿ ನೌಕರನಿಂದಲೂ ಆಗದ ಕೆಲಸ. ಮೂರು ರೊಟ್ಟಿ ತಿಂದು, ಕೈತೊಳೆದು, ಕಡತ ಬಿಚ್ಚಿದ.

"ತಿಂದ್ಮೇಲೆ ಇಲ್ಲ ಅಂತ ಹೇಗೆ ಬರೀಲಿ ಸಾರ್?"

ಆಫೀಸಿಗೆ ಹೊರಟು ನಿಂತಿದ್ದ ಸಂಗಮೇಶ ಚೀಲ ಕೆಳಗಿಟ್ಟು ಮುಂದೆ ಬಂದ. ನನ್ನನ್ನು ಉಳಿಸಲೆಂದೇ ಬಂದನೆಂದು ಈಗ ಒಪ್ಪಿಕೊಳ್ಳುತ್ತೇನೆ. "ಸರ್, ಕಾಕಾ ಹೇಳಿದ್ದು ಖರೇನ ಐತ್ರೀ. ಮಹಡಿ ಎಲ್ಲೈತಿ, ನೀವ ತೋರಸ್ರಿ. ಈ ಗ್ವಾಡಿ ಮಹಡಿ ಅಲ್ಲ, ಬಾಗಲಾ ಮಹಡಿ ಅಲ್ಲ, ಶೀಟೂ ಮಹಡಿ ಅಲ್ಲ. ಒಂದೊಂದ ತಗದು ನೋಡಿದ್ರ ಮಹಡಿ ಅನ್ನೂದ ಇಲ್ರೀ."

ಶಿವರಾಮನ ಮುಖ ಬೆಳಗಿತು. ಜಟಿಲವಾದ ಲೆಕ್ಕಕ್ಕೆ ದಾರಿ ಸಿಕ್ಕಿದವನಂತೆ ಪೆನ್ನಿನ ಮುಚ್ಚಳ ತೆಗೆದ.

"ಸರಿಯಾಗಿ ಹೇಳಿದ್ರಿ ಸಂಗಮೇಶ. ಹಾಗೇ ಮಾಡೋಣ. ಕೆಂಪರಾಜು ಸಾರ್, ಮೂವತ್ತು ದಿನ ಕೊಡ್ತೀನಿ. ಮೊದಲು ಶೀಟು ತೆಗೀರಿ. ಆಮೇಲೆ ಬಾಗಿಲು. ಆಮೇಲೆ ಗೋಡೆ. ಆಮೇಲೆ ನಾನೇ ಬಂದು ನಿಮ್ಮ ಅರ್ಜಿ ನೂರಕ್ಕೆ ನೂರು ನಿಜ, ಮೂರನೇ ಮಹಡಿ ಇಲ್ಲ ಅಂತ ಬರೀತೀನಿ."

ಇಪ್ಪತ್ತು ಹಾಳೆಯ ಆ ಜೆರಾಕ್ಸು ಆ ಕ್ಷಣ ನನಗೆ ಮೊದಲಿಂದ ಕೊನೆಯವರೆಗೆ ಅರ್ಥವಾಯಿತು.

"ಗ್ವಾಡಿ ತಗದ್ರ ನನ್ನ ಮಗಾ ಎಲ್ಲಿರಬೇಕ್ರೀ?" ಎಂದಳು ಲಕ್ಕವ್ವ. ಎಲ್ಲರೂ ನನ್ನ ಮುಖ ನೋಡಿದರು. ಉತ್ತರ ಕೊಟ್ಟವಳು ನಮ್ಮೆಲ್ಲರ ಹಿಂದೆ ಮೇಲೆ ಬಂದಿದ್ದ ಸೊಣ್ಣಮ್ಮ. "ಕೆಳಗೆ ಇವರು ಕಾಗದ ಪತ್ರ ತುಂಬಿಟ್ಕೊಂಡಿರೋ ರೂಮಿದೆಯಲ್ಲ, ಖಾಲಿ ಮಾಡಿಸ್ತೀನಿ. ಗಾಳಿ ಬೆಳಕು ಚೆನ್ನಾಗಿದೆ."

"ಏಯ್, ಅದರಲ್ಲಿ..." ಎಂದೆ.

"ಅದರಲ್ಲಿ ಏನೂ ಇಲ್ಲ," ಎಂದಳು. ಬೈರಣ್ಣ ಬಾಯಿಗೆ ಟವಲು ಅಡ್ಡ ಹಿಡಿದುಕೊಂಡ.

ಇಪ್ಪತ್ತೆಂಟನೆಯ ದಿನಕ್ಕೆ ಕೊನೆಯ ಇಟ್ಟಿಗೆ ಇಳಿಯಿತು. ಭೀಮಪ್ಪನ ನಾಲ್ಕನೇ ಮಹಡಿಯಲ್ಲಿ ಬ್ಯಾನರು ಬಿಚ್ಚಿ ಹಪ್ಪಳ ಒಣಹಾಕಿದರು. ಶಿವರಾಮ್ ಬಂದು, ಬಯಲಾದ ತಾರಸಿಯ ಮೇಲೆ ನಿಂತು, 'ಅರ್ಜಿದಾರರ ಹೇಳಿಕೆ ಸರಿಯಾಗಿದೆ' ಎಂದು ಬರೆದು, ನನ್ನ ಕೈ ಕುಲುಕಿ ಹೋದ.

ಅದರ ಮುಂದಿನ ಭಾನುವಾರ ನಾನೇ ಬೈರಣ್ಣನನ್ನು ಎಳೆದುಕೊಂಡು ಯಡಿಯೂರಿಗೆ ಹೋದೆ. ಭಕ್ತಿಯಿಂದಲ್ಲ. ಈ ಹೆಂಗಸು ಮುಂದಿನ ಪಾಠದಲ್ಲಿ ನನ್ನ ಇನ್ಯಾವುದನ್ನು ಇಲ್ಲವೆನ್ನಿಸುತ್ತಾಳೋ ಮುಂಚಿತವಾಗಿ ತಿಳಿದಿರಲಿ ಎಂದು. ನನಗಾಗಿ ಮುಂದಿನ ಸಾಲಿನಲ್ಲಿ ಜಾಗ ಬಿಟ್ಟಿದ್ದರು. ಮೇಡಂ ಕನ್ನಡಕ ಸರಿಮಾಡಿಕೊಂಡರು.

"ಇವತ್ತಿನ ಪ್ರಶ್ನೆ ಸ್ವಲ್ಪ ಕಷ್ಟದ್ದು. ಒಂದು ಕೆಲಸ ನಡೆದುಹೋಗುತ್ತೆ. ಅದನ್ನ ನಿಜವಾಗಿ ಮಾಡಿದೋನು ಯಾರು? ಕೆಂಪರಾಜು ಅವರೇ, ನೀವೇ ಶುರು ಮಾಡಿ."

ಇಡೀ ತಿಂಗಳು ಯೋಚಿಸಿದ್ದ ಪ್ರಶ್ನೆ ಅದೊಂದೇ. ತಡವರಿಸದೆ ಪಕ್ಕಕ್ಕೆ ಬೆರಳು ತೋರಿಸಿದೆ. "ಇವನೇ ಮೇಡಂ. ನನ್ನ ಬಾಮೈದ, ಬೈರಣ್ಣ."

ಬೈರಣ್ಣ ಚಂಗನೆ ಎದ್ದು ನಿಂತ. "ಬರೆದಿದ್ದು ನಾನೇ ಮೇಡಂ, ಇಲ್ಲ ಅನ್ನಲ್ಲ. ಆದ್ರೆ ಸಹಿ ಭಾವಂದು."